‘ನಮ್ಮ ಮನೆಗೆ ಹೊಂದುವ ಮಗು’: ಕಾಸರಗೋಡಿನ ಒಂದು ದತ್ತು ಪ್ರಕರಣ

ಬದಿಯಡ್ಕ ಮತ್ತು ಪೆರ್ಲದ ನಡುವಿನ ಒಂದು ಹಳ್ಳಿಯಲ್ಲಿ, ಅಡಿಕೆ ತೋಟದ ಅಂಚಿನ ಒಂದು ಮನೆಗೆ 2019ರ ಡಿಸೆಂಬರಿನಲ್ಲಿ ನಾನು ಸಮಾಜಕಾರ್ಯಕರ್ತೆಯಾಗಿ ಗೃಹ ಅಧ್ಯಯನಕ್ಕೆಂದು, ಅಂದರೆ ದತ್ತು ಕೋರಿದ ದಂಪತಿಯ ಮನೆಯನ್ನು ನೋಡಿ ವರದಿ ಬರೆಯಲೆಂದು, ಹೋಗಿದ್ದೆ. ಆ ದಿನದ ವರದಿಯಲ್ಲಿ ‘ಮನೆಯ ಹಿರಿಯರು ದತ್ತು ಸ್ವೀಕಾರಕ್ಕೆ ಸಂಪೂರ್ಣ ಒಪ್ಪಿಗೆ ಸೂಚಿಸಿದ್ದಾರೆ’ ಎಂದು ಬರೆದಿದ್ದೇನೆ. ನಿಜಕ್ಕೂ ಆ ಮನೆಯ ಅಜ್ಜಿ ಅಂದು ಒಂದು ಮಾತನ್ನೂ ಆಡಿರಲಿಲ್ಲ. ಕಾಫಿ ತಂದಿಟ್ಟು, ಒಳಬಾಗಿಲಿಗೆ ಒರಗಿ ನಿಂತು, ನಾನು ಕೇಳಿದ್ದಕ್ಕೆಲ್ಲ ತಲೆಯಾಡಿಸಿದ್ದರು, ಅಷ್ಟೆ. ಅದನ್ನು ಒಪ್ಪಿಗೆಯೆಂದು ತಿಳಿದುಕೊಂಡದ್ದು ನನ್ನ ತಪ್ಪು. ಮೂರು ವರ್ಷಗಳ ಬಳಿಕ ಆ ತಪ್ಪಿನ ಫಲವನ್ನು ಅನುಭವಿಸಿದವಳು ಮೂರೂವರೆ ವರ್ಷದ ಒಂದು ಹೆಣ್ಣುಮಗು. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆದಿಡುತ್ತಿರುವುದು ಅದಕ್ಕಾಗಿಯೇ. ಕುಟುಂಬದವರ ಅನುಮತಿಯನ್ನು ಪಡೆದಿದ್ದೇನೆ. ಗುರುತು ಸಿಗಬಾರದೆಂದು ಹೆಸರುಗಳನ್ನು ಪೂರ್ತಿ ಬಿಟ್ಟು, ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಕುಟುಂಬ

ದಂಪತಿಗೆ ಆಗ ಮದುವೆಯಾಗಿ ಹನ್ನೊಂದು ವರ್ಷ. ಗಂಡನಿಗೆ 40, ಅನುದಾನಿತ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಕ. ಹೆಂಡತಿಗೆ 37, ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತೆ. ಎರಡು ಬಾರಿ ಗರ್ಭಪಾತವಾಗಿ, ಮಂಗಳೂರಿನಲ್ಲಿ ನಾಲ್ಕು ವರ್ಷ ಚಿಕಿತ್ಸೆ ಪಡೆದು, ಕೊನೆಗೆ ಇಬ್ಬರೂ ಕೂಡಿಯೇ ದತ್ತಿನ ನಿರ್ಧಾರಕ್ಕೆ ಬಂದಿದ್ದರು. ಮನೆಯಲ್ಲಿ ಗಂಡನ ತಾಯಿ, ಮತ್ತು ಮದುವೆಯಾಗದೆ ತವರಿನಲ್ಲೇ ಉಳಿದ ಅವನ ಅಕ್ಕ. ಅಜ್ಜಿಗೆ ದತ್ತು ಎಂಬುದು ಅಪರಿಚಿತ ವಿಷಯವೇನೂ ಆಗಿರಲಿಲ್ಲ. ಅವರ ತವರುಮನೆಯಲ್ಲಿ ಹಿಂದಿನ ತಲೆಮಾರಿನಲ್ಲಿ ಮಕ್ಕಳಿಲ್ಲದ ದೊಡ್ಡಪ್ಪನೊಬ್ಬರು ತಮ್ಮನ ಮಗನನ್ನು ದತ್ತು ಪಡೆದಿದ್ದರು. ಅದೇ ರೀತಿ ತನ್ನ ಅಣ್ಣನ ಮೊಮ್ಮಗನನ್ನು ಮಗ ಸೊಸೆ ಪಡೆಯಲಿ ಎಂಬುದು ಅಜ್ಜಿಯ ಆಸೆಯಾಗಿತ್ತು. ಇದನ್ನು ಅವರು ಹೇಳಿದ್ದು 2023ರಲ್ಲಿ. 2019ರಲ್ಲಿ ನಾನು ಕೇಳಿಯೇ ಇರಲಿಲ್ಲ.

ಅಜ್ಜಿಯ ಆಸೆಯ ಹಿಂದೆ ಬಹಳ ಹಳೆಯ ಒಂದು ತಿಳಿವಳಿಕೆ ಉಂಟು. ಧರ್ಮಶಾಸ್ತ್ರದ ನಿಬಂಧಗಳು ಅದೇ ವರ್ಣದ, ಸಾಧ್ಯವಿದ್ದರೆ ಸಪಿಂಡದ, ಅಂದರೆ ಹತ್ತಿರದ ರಕ್ತಸಂಬಂಧದ, ಹುಡುಗನನ್ನೇ ದತ್ತು ಪಡೆಯಬೇಕೆಂದು ಹೇಳಿದ್ದವು. ದತ್ತಿನ ಉದ್ದೇಶವೇ ಪಿಂಡಪ್ರದಾನ ಮತ್ತು ವಂಶದ ಮುಂದುವರಿಕೆಯಾಗಿತ್ತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಈ ಕಟ್ಟನ್ನು ಸಡಿಲಿಸಿ, ಹೆಣ್ಣುಮಗುವನ್ನೂ ದತ್ತು ಪಡೆಯಬಹುದೆಂದು ಮಾಡಿತು. ಜಾತಿಯ ನಿರ್ಬಂಧವನ್ನು ಅದು ಉಳಿಸಲಿಲ್ಲ. 2014ರಲ್ಲಿ ಶಬನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಯಾವ ಧರ್ಮದವರೇ ಆಗಲಿ ಬಾಲನ್ಯಾಯ ಕಾಯ್ದೆಯ ಅಡಿಯಲ್ಲಿ ದತ್ತು ಪಡೆಯಬಹುದೆಂದು ಹೇಳಿತು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ದತ್ತಿನ ಉದ್ದೇಶ ಸ್ಪಷ್ಟವಾಗಿ ತಿರುಗಿನಿಂತಿದೆ: ಅನಾಥ, ಪರಿತ್ಯಕ್ತ ಅಥವಾ ಒಪ್ಪಿಸಲಾದ ಮಗುವಿಗೆ ಕುಟುಂಬದ ಹಕ್ಕನ್ನು ಒದಗಿಸುವುದೇ ಅಲ್ಲಿ ಮೊದಲ ಮಾತು. ಕಾನೂನು ಈ ದಾರಿಯನ್ನು ಕ್ರಮಿಸಲು ಅರುವತ್ತು ವರ್ಷ ತೆಗೆದುಕೊಂಡಿತು. ಅಜ್ಜಿ ಅದೇ ದಾರಿಯನ್ನು ಒಂದು ಕಾಫಿ ಕುಡಿಯುವಷ್ಟರಲ್ಲಿ ದಾಟಿರುತ್ತಾರೆಂದು ನಾನು ನಂಬಿಬಿಟ್ಟಿದ್ದೆ.

ಮಗನ ನಿರೀಕ್ಷೆ ಬೇರೆ ಬಗೆಯದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಈ ನೆಲದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದನ್ನು ಈಗಲೂ ನೆನೆಯುವ ಮನೆಗಳಲ್ಲಿ ಇದೂ ಒಂದು. ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಕ್ರಮ 2017ರಲ್ಲಿ ಬಂದಾಗ ಕಾಸರಗೋಡಿನಲ್ಲಿ ನಡೆದ ಪ್ರತಿಭಟನೆಯಲ್ಲಿ ಆ ಅಧ್ಯಾಪಕ ಮುಂದಿನ ಸಾಲಿನಲ್ಲಿ ಕೂತಿದ್ದರು. ‘ಎರಡು ವರ್ಷದೊಳಗಿನ ಹೆಣ್ಣುಮಗು, ಕರ್ನಾಟಕ ಅಥವಾ ಕೇರಳದ್ದು’ ಎಂದು ಅವರು ಆಯ್ಕೆ ಮಾಡಿದಾಗ ಕಾರಣ ಕೇಳಿದ್ದೆ. “ಮಾತು ಬರುವ ಮೊದಲು ಬಂದ್ರೆ ನಮ್ಮ ಕನ್ನಡವೇ ಅವಳ ಮೊದಲ ಭಾಷೆ ಆಗ್ತದೆ ಮೇಡಂ. ಇಲ್ಲಿ ಒಂದು ಮಗು ಕನ್ನಡ ಶಾಲೆಗೆ ಸೇರಿದ್ರೂ ಅದು ದೊಡ್ಡದೇ” ಎಂದರು. ಆ ಮಾತು ನನಗೆ ಹಿತವೆನಿಸಿತ್ತು. ನಾನೂ ಇದೇ ಊರಿನವಳು.

ನಮೂನೆಯಲ್ಲಿ ಇಲ್ಲದ ಕಾಲಂ

ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ನಾವೆಲ್ಲ ಕಾರಾ ಎಂದು ಕರೆಯುವ ಸಂಸ್ಥೆಯ ಜಾಲತಾಣದಲ್ಲಿ ನೋಂದಾಯಿಸುವವರು ಮಗುವಿನ ಲಿಂಗ, ವಯಸ್ಸಿನ ಗುಂಪು, ಆರೋಗ್ಯ ಸ್ಥಿತಿ ಮತ್ತು ರಾಜ್ಯದ ಬಗ್ಗೆ ತಮ್ಮ ಆಯ್ಕೆಯನ್ನು ತಿಳಿಸಬಹುದಾಗಿತ್ತು. ಜಾತಿಯನ್ನೋ ಮೈಬಣ್ಣವನ್ನೋ ಕೇಳುವ ಕಾಲಂ ಅಲ್ಲಿಲ್ಲ, ಇರಲೂಬಾರದು. ಆದರೆ ಇಷ್ಟು ವರ್ಷಗಳ ಕೆಲಸದಲ್ಲಿ ನಾನು ಕಂಡುಕೊಂಡದ್ದೇನೆಂದರೆ, ಬಾಗಿಲು ಮುಚ್ಚಿದ ನಿರೀಕ್ಷೆ ಕಿಟಕಿಯಿಂದ ಒಳಬರುತ್ತದೆ. ‘ದಕ್ಷಿಣದ ರಾಜ್ಯ’ ಎಂದಾಗ ಹಲವರ ಮನಸ್ಸಿನಲ್ಲಿರುವುದು ಭೂಪಟ ಮಾತ್ರವಲ್ಲ. ‘ಎರಡು ವರ್ಷದೊಳಗೆ’ ಎನ್ನುವಾಗ ಮಗುವಿಗೆ ನೆನಪೇ ಇಲ್ಲದಿರಲಿ ಎಂಬ ಬಯಕೆಯೂ ಅದರ ಜೊತೆಗಿರುತ್ತದೆ. ‘ನಮ್ಮ ಮನೆಗೆ ಹೊಂದುವ ಮಗು’ ಎಂಬ ಮಾತನ್ನು ಆಡದ ದಂಪತಿಯನ್ನು ನಾನು ಈತನಕ ಕಂಡಿಲ್ಲ. ಹೊಂದುವುದೆಂದರೆ ಏನು ಎಂದು ತಿರುಗಿ ಕೇಳಿದರೆ ಮಾತ್ರ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ವರ್ಣಭೇದವೆಂದರೆ ಅಮೆರಿಕದ ವಿಷಯ ಎಂಬ ಭಾವನೆ ನಮ್ಮ ತರಬೇತಿಗಳಲ್ಲಿ ಇಂದಿಗೂ ಇದೆ. ಅಲ್ಲಿ ಕರಿಯ ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಂಘ 1972ರಲ್ಲಿ ಕರಿಯ ಮಕ್ಕಳನ್ನು ಬಿಳಿಯರ ಮನೆಗಳಿಗೆ ಕೊಡುವುದನ್ನು ಬಲವಾಗಿ ವಿರೋಧಿಸಿತು. ವರ್ಣದ್ವೇಷವನ್ನು ದಿನನಿತ್ಯ ಎದುರಿಸಬೇಕಾದ ಮಗುವಿಗೆ ಅದನ್ನು ಎದುರಿಸುವ ಬಗೆಯನ್ನು ಬಿಳಿಯ ಮನೆ ಕಲಿಸಲಾರದು ಎಂಬುದು ಅವರ ಮಾತಿನ ತಿರುಳು. 1994ರಲ್ಲಿ ಮತ್ತು 1996ರಲ್ಲಿ ಆದ ಕಾನೂನುಗಳು ವರ್ಣದ ಕಾರಣಕ್ಕೆ ದತ್ತನ್ನು ತಡೆಯಬಾರದು, ತಡಮಾಡಬಾರದು ಎಂದವು. ಮೂಲನಿವಾಸಿ ಬುಡಕಟ್ಟುಗಳ ಮಕ್ಕಳಿಗೆ ಮಾತ್ರ 1978ರಿಂದ ಪ್ರತ್ಯೇಕ ಕಾಯ್ದೆ ಇದ್ದು, ಮಗು ತನ್ನ ಬಂಧುಗಳಲ್ಲಿ ಅಥವಾ ಬುಡಕಟ್ಟಿನಲ್ಲಿ ಉಳಿಯುವುದಕ್ಕೆ ಅದು ಆದ್ಯತೆ ಕೊಡುತ್ತದೆ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಭಾರತ 1992ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೆಯ ವಿಧಿಯೂ ಮಗುವಿನ ಜನಾಂಗೀಯ, ಧಾರ್ಮಿಕ, ಸಾಂಸ್ಕೃತಿಕ ಮತ್ತು ಭಾಷಿಕ ಹಿನ್ನೆಲೆಯನ್ನು ಗಮನಿಸಬೇಕೆನ್ನುತ್ತದೆ. ಸಾಧ್ಯವಾದ ಮಟ್ಟಿಗೆ ಮಗುವನ್ನು ಅದರದೇ ಸಾಮಾಜಿಕ ಮತ್ತು ಸಾಂಸ್ಕೃತಿಕ ಪರಿಸರದಲ್ಲಿ ನೆಲೆಗೊಳಿಸಬೇಕೆಂಬ ತತ್ತ್ವ ನಮ್ಮ 2022ರ ದತ್ತು ನಿಯಮಾವಳಿಯಲ್ಲಿಯೂ ಇದೆ. ಇವನ್ನೆಲ್ಲ ನಾನು ಓದಿದ್ದೆ. ಓದಿದ್ದು ಪೆರ್ಲದ ದಾರಿಯ ಆ ಮನೆಗೂ ಸಲ್ಲುತ್ತದೆಂದು ಹೊಳೆದಿರಲಿಲ್ಲ.

ಎರಡನೆಯ ಭೇಟಿ, ಮತ್ತು ನಲವತ್ತೆಂಟು ಗಂಟೆ

ಗೃಹ ಅಧ್ಯಯನದ ವರದಿಗೆ ಮಾನ್ಯತೆ ಇರುವ ಅವಧಿ ಮೂರು ವರ್ಷ. ಆ ಅವಧಿ ಮುಗಿದರೂ ಮಗು ಬರಲಿಲ್ಲ. ಎರಡು ವರ್ಷದೊಳಗಿನ ಆರೋಗ್ಯವಂತ ಮಗುವಿಗಾಗಿ ಕಾಯುವವರ ಸಾಲು ಅಷ್ಟು ಉದ್ದ. 2022ರ ಕೊನೆಗೆ ವರದಿಯನ್ನು ನವೀಕರಿಸುವಾಗ ದಂಪತಿ ತಮ್ಮ ಆಯ್ಕೆಯನ್ನು ಹಿಗ್ಗಿಸಿ, ನಾಲ್ಕು ವರ್ಷದವರೆಗಿನ ಮಗು, ಯಾವ ರಾಜ್ಯದ್ದಾದರೂ ಸರಿ ಎಂದರು. ಅಂಗಳ ದಾಟಿ ನನ್ನನ್ನು ಗೇಟಿನ ತನಕ ಬಿಡಲು ಬಂದ ಹೆಂಡತಿ, “ಕಪ್ಪಾದ್ರೂ ತೊಂದರೆ ಇಲ್ಲ ಮೇಡಂ, ನಮಗೆ ಮಗು ಸಾಕು” ಎಂದರು. ‘ತೊಂದರೆ ಇಲ್ಲ’ ಎಂಬ ಪದ ಅಲ್ಲಿ ಯಾಕೆ ಬಂತೆಂದು ನಾನು ನಿಂತು ಕೇಳಬೇಕಾಗಿತ್ತು. ಯಾರಿಗೆ ತೊಂದರೆ ಎಂದು ಮನೆಯಲ್ಲಿ ಆಗಲೇ ಚರ್ಚೆಯಾಗಿತ್ತು. ಬಸ್ಸಿಗೆ ಹೊತ್ತಾಯಿತೆಂದು ನಾನು ಹೊರಟೆ.

2023ರ ಫೆಬ್ರವರಿಯಲ್ಲಿ ಒಂದು ಸಂಜೆ ಮಗುವಿನ ಚಿತ್ರ, ಮಗುವಿನ ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿ ಬಂದವು. ಜಾರ್ಖಂಡಿನ ಒಂದು ದತ್ತು ಸಂಸ್ಥೆಯಲ್ಲಿರುವ ಹುಡುಗಿ, ವಯಸ್ಸು ಮೂರು ವರ್ಷ ನಾಲ್ಕು ತಿಂಗಳು. ಹೆತ್ತವರ ಪತ್ತೆಯಾಗದೆ ಮಕ್ಕಳ ಕಲ್ಯಾಣ ಸಮಿತಿ ದತ್ತಿಗೆ ಮುಕ್ತವೆಂದು ಘೋಷಿಸಿದ ಮಗು. ಮಾತು ಜಾರ್ಖಂಡಿನ ಆಡುನುಡಿಯಾದ ಸಾದ್ರಿ, ಸ್ವಲ್ಪ ಹಿಂದಿ. ರಕ್ತದಲ್ಲಿ ಸಿಕಲ್ ಸೆಲ್ ಎಂಬ ಅನುವಂಶಿಕ ಕಾಯಿಲೆಯ ಟ್ರೇಟ್. ಒಪ್ಪಿ ಕಾಯ್ದಿರಿಸಲು ಇರುವುದು ನಲವತ್ತೆಂಟು ಗಂಟೆ.

ಆ ನಲವತ್ತೆಂಟು ಗಂಟೆಯಲ್ಲಿ ಆ ಮನೆಯಲ್ಲಿ ನಡೆದದ್ದನ್ನು ನಾಲ್ವರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದಾರೆ, ಮತ್ತು ಆಶ್ಚರ್ಯವೆಂಬಂತೆ ನಾಲ್ವರ ಮಾತೂ ತಾಳೆಯಾಗುತ್ತದೆ. ಅಜ್ಜಿ ಚಿತ್ರವನ್ನು ನೋಡಿ, ಮೊಬೈಲನ್ನು ಮಗನಿಗೆ ಮರಳಿಸಿ, ದೇವರ ಕೋಣೆಗೆ ಹೋದರು. ರಾತ್ರಿ ಊಟದ ಹೊತ್ತಿಗೆ ವೈದ್ಯಕೀಯ ವರದಿಯ ಮಾತು ಬಂದಾಗ, “ರಕ್ತದಲ್ಲೇ ದೋಷ ಉಂಟಂತೆ, ಮತ್ತೆಂತಕ್ಕೆ ಮುಂದುವರಿಯುದು” ಎಂದರು. ಆರೋಗ್ಯದ ಕಾರಣ ಸಿಕ್ಕಿದ ಮೇಲೆ ಬಣ್ಣದ ಮಾತನ್ನು ಯಾರೂ ಆಡಬೇಕಾಗಿ ಬರಲಿಲ್ಲ. ಮರುದಿನ ಬೆಳಿಗ್ಗೆ ದಂಪತಿ ವೈದ್ಯರನ್ನು ಕಂಡು ಬಂದರು. ಟ್ರೇಟ್ ಎಂದರೆ ಮಗು ಒಂದು ವಂಶವಾಹಿಯನ್ನು ಮಾತ್ರ ಹೊತ್ತಿದೆ, ಕಾಯಿಲೆ ಅದಕ್ಕಿಲ್ಲ. ಸಾಮಾನ್ಯವಾಗಿ ಅಂಥವರು ಆರೋಗ್ಯವಾಗಿಯೇ ಬಾಳುತ್ತಾರೆ. ಮುಂದೆ ಮದುವೆಯಾಗುವವನಿಗೂ ಅದೇ ಇದ್ದರೆ ಮಾತ್ರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಕೇರಳದಲ್ಲೇ ವಯನಾಡು, ಅಟ್ಟಪ್ಪಾಡಿಯ ಆದಿವಾಸಿಗಳಲ್ಲಿ ಇದು ಇದೆ. ಇಷ್ಟನ್ನು ಮಗ ಬಿಡಿಸಿ ಹೇಳಿದರೂ ಅಜ್ಜಿಯ ಮುಖ ಬದಲಾಗಲಿಲ್ಲ.

ಆಗ ಮಾತನಾಡಿದ್ದು ಅಕ್ಕ. ಅವರ ಮದುವೆ ಯಾಕೆ ಆಗಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಈ ಭಾಗದ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು. ಇಲ್ಲಿನ ಎಣ್ಮಕಜೆಯಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದ ಮೇಲೆ, ಆರೋಗ್ಯವಾಗಿದ್ದ ಹುಡುಗಿಯರ ಜಾತಕಗಳೂ ವಿಳಾಸ ನೋಡಿಯೇ ಹಿಂದಕ್ಕೆ ಬರತೊಡಗಿದವು. ಅವರ ಜಾತಕ ಹಾಗೆ ಐದು ಸಲ ಹಿಂದೆ ಬಂದಿತ್ತು. “ಅಮ್ಮ, ಅವರೂ ಎಲ್ಲ ರಕ್ತದ ಮಾತೇ ಆಡಿದ್ದು. ನನ್ನಲ್ಲಿ ಎಂತ ದೋಷ ಇತ್ತು ಹೇಳಿ? ಈಗ ಈ ಮಗುವಿನ ಹತ್ತಿರ ನಾವೂ ಅದನ್ನೇ ಕೇಳುದಾ?” ಅಜ್ಜಿ ಉತ್ತರಿಸಲಿಲ್ಲ. ಆ ರಾತ್ರಿ ಹತ್ತು ಗಂಟೆಗೆ ದಂಪತಿ ಮಗುವನ್ನು ಕಾಯ್ದಿರಿಸಿದರು.

ಗಂಡ ತನ್ನ ತಾಯಿಯನ್ನು ಒಪ್ಪಿಸಲು ಇನ್ನೊಂದು ವಾದವನ್ನೂ ಬಳಸಿದ್ದರು. ಜಾರ್ಖಂಡಿನ ಗುಮ್ಲಾ, ಲೋಹರ್ದಗಾ ಕಡೆಯ ಒರಾಂವ್ ಜನರ ಕುರುಖ್ ಭಾಷೆ ದ್ರಾವಿಡ ಭಾಷೆ, ಕನ್ನಡ–ತುಳುಗಳ ಬಳಗದ್ದೇ. ನಮ್ಮ ಕಣ್ಣು ಅವರಲ್ಲಿ ‘ಖನ್’, ಆದ್ದರಿಂದ ಈ ಮಗು ತೀರ ಹೊರಗಿನದಲ್ಲ ಎಂಬುದು ಅವರ ವಾದ. ಭಾಷಾವಿಜ್ಞಾನದ ಮಾತಾಗಿ ಅದು ಸರಿಯೇ. ಆದರೂ ಅದನ್ನು ಕೇಳಿದಾಗ ನನಗೆ ಸಮಾಧಾನವಾಗಲಿಲ್ಲ. ಮಗು ಯಾವ ಸಮುದಾಯದ್ದೆಂದು ಯಾರಿಗೂ ತಿಳಿದಿಲ್ಲ. ತಿಳಿದಿದ್ದರೂ, ದೂರದ ನೆಂಟಸ್ತಿಕೆಯನ್ನು ಹುಡುಕಿ ಒಳಗೆ ಕರೆದುಕೊಳ್ಳುವ ಮಗುವನ್ನು, ಆ ನೆಂಟಸ್ತಿಕೆ ಸುಳ್ಳೆಂದು ಕಂಡ ದಿನ ಏನು ಮಾಡುತ್ತೇವೆ?

ರೈಲಿನಲ್ಲಿ ಮಾತು, ಮನೆಯಲ್ಲಿ ಮೌನ

ಮಾರ್ಚಿನಲ್ಲಿ ದಂಪತಿ ಹೋಗಿ, ದತ್ತುಪೂರ್ವ ಪೋಷಣೆಯ ಪತ್ರಗಳಿಗೆ ಸಹಿಹಾಕಿ ಮಗುವನ್ನು ಕರೆತಂದರು. ರಾಂಚಿಯಿಂದ ಧನ್‌ಬಾದ್–ಆಲಪ್ಪುಳ ರೈಲಿನಲ್ಲಿ ಎರಡು ರಾತ್ರಿಯ ಪ್ರಯಾಣ, ಪಾಲಕ್ಕಾಡಿನಲ್ಲಿ ಇಳಿದು ಮತ್ತೆ ಇತ್ತ. ಕೇರಳಕ್ಕೆ ದುಡಿಯಲು ಬರುವವರಿಂದ ತುಂಬಿದ ಬೋಗಿ ಅದು. ಮೊದಲ ರಾತ್ರಿ ಅತ್ತ ಮಗು, ಮರುದಿನ ಎದುರು ಸೀಟಿನ ಹೆಂಗಸೊಬ್ಬಳ ಜೊತೆ ಸಾದ್ರಿಯಲ್ಲಿ ಮಾತಿಗಿಳಿದದ್ದು ಪಾಲಕ್ಕಾಡಿನ ತನಕ ನಿಲ್ಲಿಸಲಿಲ್ಲ. “ಎಷ್ಟು ಮಾತಾಡಿದ್ಲು ಅಂದ್ರೆ, ನಮ್ಮ ಮನೆ ತುಂಬ್ತದೆ ಅಂತ ಗ್ರಹಿಸಿದೆ” ಎಂದು ತಾಯಿ ನೆನೆಸಿಕೊಂಡರು.

ಮನೆಗೆ ಬಂದ ಮೇಲೆ ಮಾತು ಕಡಿಮೆಯಾಗುತ್ತ ಹೋಯಿತು. ಇದು ಒಂದು ಹಂತದವರೆಗೆ ಸಹಜ. ಸುತ್ತಲಿನ ಭಾಷೆ ಒಮ್ಮೆಲೇ ಬದಲಾದ ಮಕ್ಕಳು ಕೆಲವು ವಾರ ಸುಮ್ಮನಿದ್ದು ಕೇಳಿಸಿಕೊಳ್ಳುತ್ತಾರೆ. ಗಂಡ ಹೆಂಡತಿ ಕನ್ನಡದಲ್ಲೇ ಮಾತಾಡಬೇಕು, ಹಿಂದಿಯ ಒಂದು ಪದವೂ ಬೇಡ ಎಂದು ನಿರ್ಧರಿಸಿದ್ದರು. ಬೇಗ ಕಲಿಯಲಿ ಎಂಬ ಒಳ್ಳೆಯ ಉದ್ದೇಶದಿಂದಲೇ. ಸಂಸ್ಥೆಯವರು ಇಟ್ಟ ಹೆಸರನ್ನೂ ಬದಲಿಸಿದರು. ಜನ್ಮನಕ್ಷತ್ರ ತಿಳಿಯದ ಮಗುವಿಗೆ ಹೆಸರಿನ ಮೊದಲ ಅಕ್ಷರದಿಂದ ನಾಮನಕ್ಷತ್ರ ಹಿಡಿಯುವ ಕ್ರಮ ಉಂಟಲ್ಲ, ಅದಕ್ಕೆ ಅನುಕೂಲವಾಗುವಂತೆ ಪುರೋಹಿತರು ಸೂಚಿಸಿದ ಅಕ್ಷರದ ಹೆಸರು ಅದು. ಪುರೋಹಿತರು ಬೇರೆ ಯಾವ ತಕರಾರನ್ನೂ ಎತ್ತಲಿಲ್ಲ. ದತ್ತಾದ ಮೇಲೆ ಗೋತ್ರ ಈ ಮನೆಯದೇ ಎಂದು ಅಜ್ಜಿಯ ಎದುರೇ ಹೇಳಿದರು. ಮಗು ಮಾತ್ರ ಹೊಸ ಹೆಸರಿಗೆ ತಿರುಗಿ ನೋಡುತ್ತಿರಲಿಲ್ಲ.

ನಮ್ಮ ಕಡೆಯ ಅಡಿಕೆ ತೋಟಗಳಲ್ಲಿ ಈಗ ಕೆಲಸಕ್ಕೆ ಇರುವವರಲ್ಲಿ ಬಂಗಾಳ, ಅಸ್ಸಾಂ, ಒಡಿಶಾ, ಜಾರ್ಖಂಡಿನವರು ಬಹಳ. ಸರ್ಕಾರ ಅವರನ್ನು ಅತಿಥಿ ಕಾರ್ಮಿಕರೆನ್ನುತ್ತದೆ. ಊರವರ ಬಾಯಲ್ಲಿ ಎಲ್ಲರೂ ‘ಬಂಗಾಳಿ’ಗಳು. ಈ ಮಗುವನ್ನು ಎತ್ತಿಕೊಂಡು ತಾಯಿ ಪೇಟೆಗೆ ಹೋದರೆ, “ಬಂಗಾಳಿ ಮಗುವಾ ಅಕ್ಕ? ಅಪ್ಪ ಅಮ್ಮ ನಿಮ್ಮ ತೋಟದಲ್ಲಿ ಕೆಲಸಕ್ಕಿದ್ದಾರಾ?” ಎಂದು ಅಂಗಡಿಯವರು ಕೇಳಿದರು. ಕೇಳಿದವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲ. ಒಬ್ಬರು ಮಗುವಿಗೆ ಮಿಠಾಯಿ ಕೊಟ್ಟು ಕೇಳಿದರು. ಬಣ್ಣವೆಂಬುದು ನಮ್ಮಲ್ಲಿ ಕೆಲಸದ ಜೊತೆ, ಕೂಲಿಯ ಜೊತೆ, ಯಾರು ಜಗಲಿ ಹತ್ತಬಹುದು ಯಾರು ಅಂಗಳದಲ್ಲೇ ನಿಲ್ಲಬೇಕು ಎಂಬುದರ ಜೊತೆ ಹೆಣೆದುಕೊಂಡಿದೆ ಎಂಬುದು ಅವರ ಪ್ರಶ್ನೆಯಲ್ಲಿತ್ತು.

ಈ ಮನೆಯ ತೋಟದಲ್ಲೂ ಗುಮ್ಲಾದ ಒಬ್ಬ ಯುವಕ ಎರಡು ವರ್ಷದಿಂದ ಕೆಲಸಕ್ಕಿದ್ದ. ಮಗು ಬಂದ ನಾಲ್ಕನೆಯ ವಾರ, ಅಂಗಳದ ಮೂಲೆಯಲ್ಲಿ ಅಡಿಕೆ ಸುಲಿಯುತ್ತ ಕೂತವನು ಮೊಬೈಲಿನಲ್ಲಿ ಊರಿನವರೊಡನೆ ಮಾತಾಡುತ್ತಿದ್ದ. ಜಗಲಿಯಲ್ಲಿದ್ದ ಮಗು ಇಳಿದು, ಒಣಗಲು ಹರಡಿದ ಅಡಿಕೆಯ ಮೇಲೆಯೇ ಓಡಿಹೋಗಿ ಅವನೆದುರು ಕೂತಿತು. ಅವನು ಏನೋ ಕೇಳಿದ, ಮಗು ಹೇಳಿತು, ಮತ್ತೆ ಹೇಳಿತು, ನಗತೊಡಗಿತು. ಅವನ ಬುತ್ತಿಯಿಂದ ಅನ್ನ ತೆಗೆದು ತಿಂದಿತು. ಅಡುಗೆಮನೆಯಿಂದ ಇದನ್ನು ಕಂಡ ಅಜ್ಜಿ ಬಂದು, ಮಗುವಿನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಸಂಜೆ ದಂಪತಿ ಬಂದಾಗ ಅವರು ಕೇಳಿದ್ದು ಇಷ್ಟೇ: “ಅವಳು ಅವನ ಹತ್ತಿರ ಕೂತ್ರೆ ನೋಡಿದವರು ಎಂತ ಗ್ರಹಿಸ್ತಾರೆ? ಅವನದ್ದ ಮಗು ಅಂತ ಹೇಳ್ಲಿಕ್ಕಿಲ್ವಾ?” ಮರುದಿನದಿಂದ ಆ ಯುವಕನನ್ನು ತೋಟದ ಕೆಳಗಿನ ಶೆಡ್ಡಿಗೆ ಕಳಿಸಿದರು. ಮಗನೂ ಸೊಸೆಯೂ ಅದನ್ನು ತಡೆಯಲಿಲ್ಲ.

ಮಗು ಅಂದಿನಿಂದ ಮಾತೇ ಆಡಲಿಲ್ಲ. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಶುರುವಾಯಿತು. ಹದಿನೆಂಟು ದಿನ ಕಾದು ತಾಯಿ ನನಗೆ ಫೋನು ಮಾಡಿದರು.

ನಾವು ಮಾಡಿದ್ದು

ಮೇ ತಿಂಗಳ ಮೊದಲ ವಾರ ನಾನು ಹೋದಾಗ, ಯಾರನ್ನೂ ಒಟ್ಟಿಗೆ ಕೂರಿಸದೆ, ಒಬ್ಬೊಬ್ಬರ ಬಳಿ ಒಂದೊಂದು ಗಂಟೆ ಮಾತಾಡಿದೆ. ಇದನ್ನು 2019ರಲ್ಲೇ ಮಾಡಬೇಕಿತ್ತು. ಅಜ್ಜಿ ನನ್ನ ಬಳಿ ಅತ್ತುಬಿಟ್ಟರು. ಮಗುವಿನ ಮೇಲೆ ಅವರಿಗೆ ದ್ವೇಷವಿರಲಿಲ್ಲ. ದಿನಾ ಸ್ನಾನ ಮಾಡಿಸಿ, ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದವರೂ ಅವರೇ. ಮಗು ತನ್ನದೆಂದು ಊರು ಒಪ್ಪಬೇಕು, ಅದು ಒಪ್ಪಬೇಕಾದರೆ ಮಗುವಿನ ಮೈಮೇಲೆ ಬೇರೆ ಊರಿನ ಗುರುತು ಉಳಿಯಬಾರದು ಎಂಬ ತವಕ ಅವರದು. ನೆಂಟರೊಬ್ಬರು ತಂದುಕೊಟ್ಟ ಬಣ್ಣ ತಿಳಿಯಾಗಿಸುವ ಕ್ರೀಮಿನ ಡಬ್ಬಿಯನ್ನು, ಯಾವ ಅಳುಕೂ ಇಲ್ಲದೆ, ನನಗೆ ತೋರಿಸಿದರು. ಸಣ್ಣ ಮಗುವಿನ ಚರ್ಮಕ್ಕೆ ಅಂಥದ್ದನ್ನು ಹಚ್ಚಬಾರದೆಂದು ಹೇಳಿ ಅದನ್ನು ನಿಲ್ಲಿಸಿದೆ.

ಗಂಡನೊಡನೆ ಆಡಿದ ಮಾತು ಹೆಚ್ಚು ಕಷ್ಟದ್ದಾಗಿತ್ತು. ಕನ್ನಡ ಶಾಲೆಯ ಮಕ್ಕಳೆದುರು ಕನ್ನಡ ಬಾರದ ಅಧ್ಯಾಪಕರನ್ನು ತಂದು ನಿಲ್ಲಿಸಿದಾಗ ಆ ಮಕ್ಕಳಿಗೆ ಏನಾಗುತ್ತದೆಂದು ಪ್ರತಿಭಟನೆಯಲ್ಲಿ ಅವರೇ ಭಾಷಣ ಮಾಡಿದ್ದರು. ಅದನ್ನು ನೆನಪಿಸಿ, ನಿಮ್ಮ ಮನೆಯಲ್ಲಿ ಈಗ ಒಂದು ಮಗುವಿನ ಸುತ್ತ ನಾಲ್ವರು ಹಾಗೆಯೇ ನಿಂತಿದ್ದೀರಿ ಎಂದೆ. ಬಹಳ ಹೊತ್ತು ಅವರು ತಲೆ ತಗ್ಗಿಸಿ ಕೂತಿದ್ದರು. ಆಮೇಲೆ, “ನನಗೆ ಅದು ಭಾಷೆ ಅಂತಲೇ ಕಾಣ್ಲಿಲ್ಲ ಮೇಡಂ. ಕೆಲಸದವರು ಮಾತಾಡುದು ಅಂತ ಅಷ್ಟೇ ಇತ್ತು ತಲೆಯಲ್ಲಿ” ಎಂದರು. ಇಡೀ ಪ್ರಕರಣದಲ್ಲಿ ನನಗೆ ಕೇಳಿಸಿದ ಅತ್ಯಂತ ಪ್ರಾಮಾಣಿಕ ಮಾತು ಅದು.

ಮಾಡಿದ್ದು ದೊಡ್ಡ ಚಿಕಿತ್ಸೆಯೇನಲ್ಲ. ಆ ಯುವಕನನ್ನು ಸಂಜೆ ಕೆಲಸ ಮುಗಿದ ಮೇಲೆ ಜಗಲಿಗೆ ಕರೆದು ಕೂರಿಸುವುದು. ತಾಯಿ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಅವನಿಂದ ಸಾದ್ರಿ ಪದಗಳನ್ನು ಕೇಳಿ ಬರೆದುಕೊಳ್ಳುವುದು. ಮಗು ಅವನೊಡನೆ ಒಂಟಿಯಾಗಿರಬಾರದು, ಆದರೆ ಅವನ ಮಾತು ಈ ಮನೆಯಲ್ಲಿ ಕೇಳಬೇಕು. ಸಮಯ ಕೊಟ್ಟದ್ದಕ್ಕೆ ಅವನಿಗೆ ಕೂಲಿಯಾಗುವಂತೆಯೂ ನೋಡಿಕೊಂಡೆವು. ಮೊದಲ ದಿನ ಅವನು ಜಗಲಿ ಹತ್ತಲು ಒಪ್ಪಲಿಲ್ಲ, ಮೆಟ್ಟಿಲ ಮೇಲೆಯೇ ಕೂತ. ನಾಲ್ಕನೆಯ ದಿನ ಅಕ್ಕ ಒಂದು ಚಾಪೆ ಹಾಸಿದರು. ಹೊಸ ಹೆಸರಿನ ಜೊತೆ ಹಳೆಯ ಹೆಸರನ್ನೂ ಕರೆಯತೊಡಗಿದರು.

ಊಟದ ತೊಡಕು ಬಿಡಿಸಿದ್ದು ಅದೇ ನೋಟ್‌ಪುಸ್ತಕ. ದೋಸೆ, ಇಡ್ಲಿ ಯಾವುದನ್ನೂ ಮುಟ್ಟದ ಮಗು ಕೇಳುತ್ತಿದ್ದ ‘ಮಾಡ್’ ಎಂದರೆ ಏನೆಂದು ಯಾರಿಗೂ ತಿಳಿದಿರಲಿಲ್ಲ. ಅನ್ನದ ತೆಳಿಯನ್ನೂ ಅನ್ನವನ್ನೂ ಕಲಸಿ ಉಣ್ಣುವ ಮಾಡ್–ಭಾತ್ ಅದು. ಅಲ್ಲಿಯೂ ಕುಚ್ಚಿಲು ಅಕ್ಕಿಯನ್ನೇ ಉಣ್ಣುತ್ತಾರೆ. ಅಜ್ಜಿ ತಾನು ರಾತ್ರಿ ಉಣ್ಣುವ ಗಂಜಿಯನ್ನೇ ಒಂದು ಸಣ್ಣ ಬಟ್ಟಲಿಗೆ ಬಸಿದು, ಉಪ್ಪು ಹಾಕಿ, ಮಗುವಿನ ಮುಂದಿಟ್ಟರು. ಮಗು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದು, ಇನ್ನೂ ಬೇಕೆಂದು ಮುಂದಕ್ಕೆ ಚಾಚಿತು.

ಮುಂದಿನ ಎರಡು ವರ್ಷ

ಜಿಲ್ಲಾ ದಂಡಾಧಿಕಾರಿಯ ದತ್ತು ಆದೇಶ ಅದೇ ವರ್ಷ ಬಂತು. 2022ರ ಸೆಪ್ಟೆಂಬರ್ 1ರಿಂದ ಈ ಅಧಿಕಾರ ನ್ಯಾಯಾಲಯದಿಂದ ಅವರಿಗೆ ಬಂದಿದೆ. ನಿಯಮದಂತೆ ಆರು ತಿಂಗಳಿಗೊಮ್ಮೆ, ಎರಡು ವರ್ಷ, ನಾಲ್ಕು ಸಲ ಹೋದೆ. ಮಾತು ಜೂನ್ ತಿಂಗಳಲ್ಲೇ ಮರಳಿತ್ತು, ಮೊದಲು ಸಾದ್ರಿ, ಬೆನ್ನಿಗೇ ಕನ್ನಡ. ತಾಯಿಯನ್ನು ಕೆಲವು ಕಾಲ ‘ಆಯೋ’ ಎಂದು ಕರೆಯುತ್ತಿದ್ದಳು. ಆ ಯುವಕ 2024ರ ಮಳೆಗಾಲದಲ್ಲಿ ಗದ್ದೆ ಕೆಲಸಕ್ಕೆಂದು ಊರಿಗೆ ಹೋದವನು ಹಿಂದಿರುಗಲಿಲ್ಲ. ಅವನು ಹೋದ ಮೇಲೆ ಮಗುವಿನ ಸಾದ್ರಿ ಬೇಗ ಬೇಗ ಕರಗಿತು. ಆ ವಯಸ್ಸಿನಲ್ಲಿ ಕೆಲವೇ ತಿಂಗಳು ಸಾಕು. ಇದು ನನ್ನ ಮಟ್ಟಿಗೆ ಈ ಪ್ರಕರಣದ ಸೋಲಿನ ಭಾಗ. ನೋಟ್‌ಪುಸ್ತಕದಲ್ಲಿ ನೂರ ಎಪ್ಪತ್ತರಷ್ಟು ಪದಗಳಿವೆ, ತಾಯಿ ಅದನ್ನು ಜೋಪಾನವಾಗಿ ಇಟ್ಟಿದ್ದಾರೆ.

2024ರ ಏಪ್ರಿಲಿನ ಒಂದು ಮದುವೆಯ ಸಂಗತಿಯನ್ನು ಅಕ್ಕ ಹೇಳಿದರು. ಊಟದ ಪಂಕ್ತಿಯಲ್ಲಿ ಅಜ್ಜಿಯ ಪಕ್ಕದ ಎಲೆಗೆ ಕೂರಲು ಹೋದ ಮಗುವನ್ನು ಬಡಿಸುವವನೊಬ್ಬ, ಕೆಲಸದವರ ಮಕ್ಕಳಿಗೆ ಆಮೇಲೆ ಎಂದು ಎಬ್ಬಿಸಿದ. ಅಜ್ಜಿ ಆಗಲೇ ಅನ್ನ ಕಲಸಿದ್ದರು. ಎಲೆ ಬಿಟ್ಟು ಏಳುವ ಪದ್ಧತಿ ಅವರಿಗಿಲ್ಲ; ಕೂತಲ್ಲಿಂದಲೇ ಎಡಗೈಯಲ್ಲಿ ಮಗುವನ್ನು ಸೆಳೆದು ತೊಡೆಯ ಮೇಲೆ ಕೂರಿಸಿಕೊಂಡು, ತನ್ನ ಎಲೆಯಿಂದಲೇ ಉಣಿಸಿದರು. ಮಾತೇನೂ ಆಡಲಿಲ್ಲವಂತೆ. ಇದೇ ಅಜ್ಜಿ ನನ್ನ ಕೊನೆಯ ಭೇಟಿಯಲ್ಲಿ, ದೊಡ್ಡವಳಾಗುತ್ತ ಬಣ್ಣ ಸ್ವಲ್ಪ ತಿಳಿಯಾಗಬಹುದೇ ಎಂದು ಮೆಲ್ಲನೆ ಕೇಳಿದರು. ಎರಡೂ ನಿಜ.

ಈ ಪ್ರಕರಣದ ಬಳಿಕ ನಾನು ಗೃಹ ಅಧ್ಯಯನದಲ್ಲಿ ಕೇಳುವ ಪ್ರಶ್ನೆಗಳು ಬದಲಾಗಿವೆ. ಯಾವ ಬಣ್ಣದ ಮಗುವಾದರೂ ಪ್ರೀತಿಸುವಿರಾ ಎಂದು ಕೇಳುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಅದಕ್ಕೆ ಹೌದೆನ್ನದವರಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಮಗು ಯಾರ ಪಕ್ಕ ಕೂರುತ್ತದೆ, ಕುಟುಂಬದ ದೈವದ ನೇಮೋತ್ಸವದಲ್ಲಿ ಗಂಧಪ್ರಸಾದಕ್ಕೆ ಯಾರ ಕೈ ಹಿಡಿದು ನಿಲ್ಲುತ್ತದೆ, ಇದು ಯಾರ ಮಗುವೆಂದು ಅಂಗಡಿಯಲ್ಲಿ ಕೇಳಿದರೆ ಏನೆನ್ನುತ್ತೀರಿ, ಮಗು ಮಾತಾಡುವ ಭಾಷೆಯನ್ನು ನಿಮ್ಮೂರಿನಲ್ಲಿ ಯಾರು ಮಾತಾಡುತ್ತಾರೆ, ಅವರನ್ನು ನೀವು ಎಲ್ಲಿ ಕೂರಿಸುತ್ತೀರಿ ಎಂದು ಕೇಳುತ್ತೇನೆ. ಅಜ್ಜ ಅಜ್ಜಿಯರನ್ನು ಬೇರೆಯಾಗಿಯೇ ಕೇಳುತ್ತೇನೆ, ಮತ್ತು ಅವರು ಬಾಯಿಬಿಟ್ಟು ಉತ್ತರಿಸುವ ತನಕ ವರದಿಯಲ್ಲಿ ಒಪ್ಪಿಗೆ ಎಂಬ ಪದವನ್ನು ಬರೆಯುವುದಿಲ್ಲ.

2025ರ ಮಾರ್ಚಿನಲ್ಲಿ ಕೊನೆಯ ಅನುಸರಣಾ ವರದಿ ಬರೆದು ಕಡತ ಮುಚ್ಚಬೇಕಾಯಿತು. ಕನ್ನಡಿಯೆದುರು ನಿಂತು ತಾನೇ ಪ್ರಶ್ನೆ ಕೇಳಿಕೊಳ್ಳುವ ವಯಸ್ಸು ಈ ಹುಡುಗಿಗೆ ಇನ್ನೂ ಬಂದಿಲ್ಲ. ಅದು ಬರುವ ಹೊತ್ತಿಗೆ ನಿಯಮದ ಪ್ರಕಾರ ಹೋಗಿ ನೋಡುವವರು ಯಾರೂ ಇರುವುದಿಲ್ಲ. ಅದನ್ನು ದಂಪತಿಗೆ ಹೇಳಿದೆ. ಜೂನಿನಲ್ಲಿ ಒಂದನೆಯ ತರಗತಿಗೆ ಸೇರುವವಳು, ಅಂಗಳದಲ್ಲಿ ಅಡಿಕೆ ಹೆಕ್ಕಿ ಬುಟ್ಟಿಗೆ ಹಾಕುತ್ತ, ಕನ್ನಡದಲ್ಲಿ ಎಣಿಸುತ್ತಿದ್ದಳು. ಗೇಟಿನ ತನಕ ಬಂದ ತಾಯಿ, ಮುಂದೆ ಅವಳು ಹೆತ್ತವರ ಮೂಲವನ್ನು ಹುಡುಕಬೇಕೆಂದರೆ ದಾರಿ ಏನೆಂದು ಕೇಳಿದರು. ಹದಿನೆಂಟು ತುಂಬಿದ ಮೇಲೆ ಅವಳೇ ಅರ್ಜಿ ಹಾಕಬಹುದು, ಅದಕ್ಕೂ ಮೊದಲಾದರೆ ತಂದೆ ತಾಯಿಯ ಜೊತೆ ಸೇರಿ ಹಾಕಬೇಕು ಎಂದು ನಿಯಮವನ್ನು ಹೇಳಿದೆ.

“ಹಾಗಾದ್ರೆ ಮೊದಲೇ ಹಾಕ್ತೇವೆ ಮೇಡಂ” ಎಂದರು. “ಅವಳು ಕೇಳಿದ ದಿನ. ಒಟ್ಟಿಗೇ ಹೋಗ್ತೇವೆ, ಅದೇ ರೈಲಿನಲ್ಲಿ.”